ಬೀಗದ ಕೈ ಯಾರ ಕೈಯಲ್ಲಿ?

(ಬೆಂಗಳೂರಿನ ಚಂದ್ರಾ ಲೇಔಟಿನಲ್ಲಿ ನಡೆದ ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ. ಶಿಬಿರಕ್ಕೆ ಹೋಗಲಾಗದ ನಮ್ಮ ಜಿಲ್ಲೆಯ ಸಂಗಾತಿಗಳ ಕೋರಿಕೆಯ ಮೇರೆಗೆ ಇಲ್ಲಿ ಕೊಡಲಾಗಿದೆ. — ಸಂ.)



ನಾನು ದೊಡ್ಡ ಓದು ಓದಿದವನಲ್ಲ. ಮೆಟ್ರಿಕ್ ಮುಗಿಸಿ, ಒಂದು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಚಿಕ್ಕ ಮಕ್ಕಳಿಗೆ ಕಾಗುಣಿತ, ಮಗ್ಗಿ ಹೇಳಿಕೊಟ್ಟು, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಕಮ್ಯೂನಿಸ್ಟ್ ಆಳ್ವಿಕೆ ಕಳೆದುಹೋದ ದೇಶಗಳಲ್ಲಿ ಇವತ್ತು ಏನು ಚರ್ಚೆ ನಡೆಯುತ್ತಿದೆ, ಅದರಿಂದ ನಾವು ಕಲಿಯಬೇಕಾದದ್ದೇನು ಎಂಬ ವಿಷಯವಾಗಿ ಮಾತಾಡಬೇಕೆಂದು ಶಿಬಿರದ ವ್ಯವಸ್ಥಾಪಕರು ಹೇಳಿದಾಗ ಮೊದಲು ಹಿಂಜರಿದೆ. ಆ ದೇಶಗಳನ್ನು ನಾನು ಕಣ್ಣಾರೆ ಕಂಡವನಲ್ಲ, ಓದಿ ತಿಳಿದವನು. ಆದರೆ ಕಳೆದ ವಾರ ಇದೇ ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಚಂದಾ ಎತ್ತುವಾಗ ಎದುರಾದ ಎರಡು ಪ್ರಶ್ನೆಗಳು ನನ್ನನ್ನು ಈಗ ನಿಮ್ಮೆದುರು ನಿಲ್ಲಿಸಿವೆ.

ಮೊದಲನೆಯದನ್ನು ಕೇಳಿದವನು ಬೈಕಿನ ಮೇಲೆ ಊಟದ ಪೊಟ್ಟಣ ಮುಟ್ಟಿಸುವ ಒಬ್ಬ ಹುಡುಗ. “ಅಣ್ಣಾ, ರಷ್ಯಾದವರೇ ಕೈಬಿಟ್ಟ ಸಮಾಜವಾದವನ್ನು ನೀವು ಇನ್ನೂ ಯಾಕೆ ಹೊತ್ತುಕೊಂಡು ತಿರುಗುತ್ತೀರಿ?” ಎಂದ. ಎರಡನೆಯದನ್ನು ಕೇಳಿದವರು ಮಿಲ್ಲಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಹಿರಿಯರು. “ಮೇಷ್ಟ್ರೇ, ಸರ್ಕಾರದ ಕಾರ್ಖಾನೆ ಇದ್ದಾಗ ತಿಂಗಳು ತಿಂಗಳಿಗೆ ಸಂಬಳ ಬರುತ್ತಿತ್ತು, ಇಎಸ್‌ಐ ಇತ್ತು, ಪಿ.ಎಫ್. ಇತ್ತು. ನನ್ನ ಮೊಮ್ಮಗನಿಗೆ ಅದರಲ್ಲಿ ಒಂದೂ ಇಲ್ಲ. ಆ ಕಾಲವನ್ನೇ ವಾಪಸು ತನ್ನಿ. ಅದನ್ನು ಬಿಟ್ಟು ಬೇರೆ ಸಮಾಜವಾದ ನನಗೆ ಬೇಡ” ಎಂದರು.

ಸಂಗಾತಿಗಳೇ, ವಾರ್ಸಾ, ಬುಡಾಪೆಸ್ಟ್, ಲೀಪ್‌ಜಿಗ್ ನಗರಗಳಲ್ಲಿ 1989ರಿಂದ ಈಚೆಗೆ ನಡೆದಿರುವ ಚರ್ಚೆಯೂ ಇದೇ. ಮಗ ಹೇಳುತ್ತಾನೆ, ಹಳೆಯದು ಸತ್ತಿತು, ಹೂತುಬಿಡು. ತಂದೆ ಹೇಳುತ್ತಾನೆ, ಅದರಲ್ಲಿ ಅನ್ನವಾದರೂ ಇತ್ತಪ್ಪ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹುಡುಕುವುದೇ ನನ್ನ ಇವತ್ತಿನ ಕೆಲಸ.

ಶಾಲೆಯ ಬೀರು

ಮೇಷ್ಟ್ರ ಬುದ್ಧಿ ಬಿಡದು. ಒಂದು ಶಾಲೆಯ ಕಥೆಯಿಂದಲೇ ಪ್ರಾರಂಭಿಸುತ್ತೇನೆ. ನಾನು ಪಾಠ ಹೇಳುತ್ತಿದ್ದ ಕಡೆ ಒಂದು ಪುಸ್ತಕದ ಬೀರು ಇತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಮಕ್ಕಳ ಗ್ರಂಥಾಲಯ’ ಎಂದು ಬರೆದಿತ್ತು. ಬೀಗದ ಕೈ ಮಾತ್ರ ವ್ಯವಸ್ಥಾಪಕರ ಜೇಬಿನಲ್ಲಿ. ಇನ್ಸ್‌ಪೆಕ್ಟರು ಬರುವ ದಿನ ಬೀಗ ತೆಗೆಯುವರು, ಧೂಳು ಹೊಡೆಯುವರು, ಮತ್ತೆ ಬೀಗ ಹಾಕುವರು. “ಈ ಬೀರು ಯಾರದು?” ಎಂದು ಕೇಳಿದರೆ ಮಕ್ಕಳು ಒಂದೇ ದನಿಯಲ್ಲಿ “ನಮ್ಮದು ಸಾರ್” ಎನ್ನುತ್ತಿದ್ದರು. ಒಳಗೆ ಯಾವ ಪುಸ್ತಕವಿದೆ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ಒಂದು ವರ್ಷ, ಬೀರು ಸುಮ್ಮನೆ ಜಾಗ ತಿನ್ನುತ್ತಿದೆ ಎಂದು ಒಂದು ಮಧ್ಯಾಹ್ನ ಬೀಗ ತೆಗೆದು, ಬೇಕಾದವರು ಬೇಕಾದ್ದನ್ನು ತೆಗೆದುಕೊಂಡು ಹೋಗಿ ಎಂದರು. ಹತ್ತು ನಿಮಿಷದಲ್ಲಿ ಬೀರು ಖಾಲಿ. ದೊಡ್ಡ ಹುಡುಗರು ಚೀಲ ತುಂಬಿಕೊಂಡರು. ಚಿಕ್ಕವರ ಕೈಗೆ ಹರಿದ ರಟ್ಟು ಸಿಕ್ಕಿತು. ಎರಡನೇ ತರಗತಿಯ ಒಂದು ಹುಡುಗಿ ಬರಿಗೈಯಲ್ಲಿ ನಿಂತು, “ಸಾರ್, ನಮ್ಮದು ಅಂತ ಹೇಳಿದ್ರಲ್ಲ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಸಂಗಾತಿಗಳೇ, ಸೋವಿಯತ್ ಒಕ್ಕೂಟದಲ್ಲೂ ಪೂರ್ವ ಯೂರೋಪಿನಲ್ಲೂ ನಡೆದದ್ದು ಇದೇ. ಮೊದಲು ನಲವತ್ತು, ಎಪ್ಪತ್ತು ವರ್ಷ ಬೀಗ ಹಾಕಿದ ಬೀರು. ಆಮೇಲೆ ಒಂದು ಮಧ್ಯಾಹ್ನದ ಸೂರೆ. ಇವೆರಡರಲ್ಲಿ ಯಾವುದು ಒಳ್ಳೆಯದು ಎಂದು ವಾದಿಸುತ್ತ ಕೂತರೆ ಆ ಹುಡುಗಿಯ ಕೈಗೆ ಪುಸ್ತಕ ಬರುವುದಿಲ್ಲ.

ಬೋರ್ಡು ಜನರದು, ಬೀಗ ಸರ್ಕಾರದ್ದು

ಪೂರ್ವ ಜರ್ಮನಿಯಲ್ಲಿ ಕಾರ್ಖಾನೆಗಳ ಅಧಿಕೃತ ಹೆಸರಿನಲ್ಲೇ ‘ಜನರ ಒಡೆತನದ ಉದ್ಯಮ’ ಎಂಬ ಮಾತು ಸೇರಿತ್ತು. ಅಲ್ಲಿನ ಕೆಲಸಗಾರನಿಗೆ ಕೆಲಸ ಖಾಯಮ್ಮಾಗಿತ್ತು, ಮನೆಬಾಡಿಗೆ ಕಡಿಮೆಯಿತ್ತು, ಮಗುವಿಗೆ ಶಿಶುವಿಹಾರವಿತ್ತು. ಇದನ್ನು ಮುಚ್ಚಿಡಬಾರದು. ಆದರೆ ಆ ಜನರ ಉದ್ಯಮದಲ್ಲಿ ಏನು ತಯಾರಾಗಬೇಕು, ಎಷ್ಟು ತಯಾರಾಗಬೇಕು, ಲಾಭ ಎಲ್ಲಿಗೆ ಹೋಗಬೇಕು ಎಂದು ಕೇಳುವ ಅಧಿಕಾರ ಜನರಿಗೆ ಇರಲಿಲ್ಲ. ಕೇಳಿದವನು ಕ್ರಾಂತಿದ್ರೋಹಿ ಎನಿಸಿಕೊಂಡ.

ಇದಕ್ಕೆ ಆ ದೇಶಗಳ ಕೆಲಸಗಾರರು ಸುಮ್ಮನೆ ತಲೆಬಾಗಿದರೆಂದು ತಿಳಿಯಬೇಡಿ. 1956ರ ಅಕ್ಟೋಬರಿನಲ್ಲಿ ಹಂಗೆರಿಯ ಜನ ಎದ್ದರು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದವು. ಟ್ಯಾಂಕು ಬಂದ ಹತ್ತು ದಿನಕ್ಕೆ ಬುಡಾಪೆಸ್ಟಿನ ಕಾರ್ಖಾನೆಗಳ ಕೆಲಸಗಾರರ ಸಮಿತಿಗಳು ಒಂದಾಗಿ ಕೇಂದ್ರ ಸಮಿತಿಯನ್ನು ಕಟ್ಟಿಕೊಂಡವು. ಹಳೆಯ ಗಿರಣಿ ಮಾಲೀಕರನ್ನು ಕರೆತನ್ನಿ ಎಂದು ಅವರು ಕೇಳಲಿಲ್ಲ. ಕಾರ್ಖಾನೆಯನ್ನು ನಾವೇ ನಡೆಸುತ್ತೇವೆ ಎಂದರು. ಕಾರ್ಮಿಕರ ರಾಜ್ಯವೆಂದು ಹೆಸರಿಟ್ಟುಕೊಂಡ ಸರ್ಕಾರ ಅದನ್ನು ಸಹಿಸಲಿಲ್ಲ; ಸಮಿತಿಗಳನ್ನು ಮುರಿಯಿತು. ಪ್ರಧಾನಿ ಇಮ್ರೆ ನಾಗಿಯನ್ನು 1958ರ ಜೂನ್ 16ರಂದು ನೇಣಿಗೆ ಹಾಕಿತು.

1980ರ ಆಗಸ್ಟ್ 14ರಂದು ಪೋಲೆಂಡಿನ ಗ್ದಾನ್ಸ್ಕ್ ನಗರದ ಹಡಗು ಕಾರ್ಖಾನೆಯಲ್ಲಿ ಮುಷ್ಕರ ಹೂಡಿದರು. ಆ ಕಾರ್ಖಾನೆಗೆ ಲೆನಿನ್ನರ ಹೆಸರೇ ಇಟ್ಟಿತ್ತು. ಮುಷ್ಕರಕ್ಕೆ ಕಾರಣ ಆನಾ ವಲೆಂಟಿನೊವಿಚ್ ಎಂಬ ಹೆಣ್ಣುಮಗಳು. ಆಕೆ ಕ್ರೇನ್ ನಡೆಸುತ್ತಿದ್ದವರು. ನಿವೃತ್ತಿಗೆ ಐದೇ ತಿಂಗಳಿರುವಾಗ, ಸ್ವತಂತ್ರ ಕಾರ್ಮಿಕ ಸಂಘ ಕಟ್ಟುತ್ತಾರೆಂದು ಅವರನ್ನು ಕೆಲಸದಿಂದ ತೆಗೆದುಹಾಕಿದರು. ಅವರನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಶುರುವಾದ ಬೇಡಿಕೆ 21 ಬೇಡಿಕೆಗಳಾಗಿ ಬೆಳೆಯಿತು. ‘ಸಾಲಿಡಾರಿಟಿ’ ಎಂಬ ಸಂಘ ಹುಟ್ಟಿ ಸುಮಾರು ಒಂದು ಕೋಟಿ ಸದಸ್ಯರಾದರು. 1981ರ ಮಹಾಧಿವೇಶನದಲ್ಲಿ ಅವರು ಒಪ್ಪಿದ ಕಾರ್ಯಕ್ರಮವೂ ಕಾರ್ಖಾನೆಗಳ ಮಾರಾಟವಲ್ಲ, ಕೆಲಸಗಾರರ ಸ್ವಯಮಾಡಳಿತ. ಅದೇ ವರ್ಷ ಡಿಸೆಂಬರ್ 13ರಂದು ಸೇನಾಶಾಸನ ಜಾರಿಯಾಗಿ ಸಾವಿರಾರು ಮಂದಿ ಸೆರೆಮನೆ ಸೇರಿದರು.

ಆದುದರಿಂದ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಿ. ಅಲ್ಲಿನ ಶ್ರಮಜೀವಿಗಳು ಸಮಾಜವಾದವನ್ನು ಬಿಟ್ಟರು ಎನ್ನುವುದಕ್ಕೆ ಮುಂಚೆ, ಸಮಾಜವಾದವನ್ನು ತಮ್ಮ ಕೈಗೆ ಕೊಡಿ ಎಂದು ಅವರು ಕೇಳಿದ್ದರು. ಕೊಡಲಿಲ್ಲ. ಗುಂಡು ಹಾರಿಸಿದರು, ಸೆರೆಗೆ ಹಾಕಿದರು.

ನಮ್ಮ ಹಿರಿಯರು ಹೇಳಿದ್ದು

ಇದನ್ನು 1989ರ ನಂತರ ಕಂಡುಕೊಂಡ ಜ್ಞಾನವೆಂದು ಯಾರೂ ನಮಗೆ ಬೋಧಿಸಬೇಕಾಗಿಲ್ಲ. 1952ರಲ್ಲಿ ಪಚ್‌ಮಢಿಯ ಅಧಿವೇಶನದ ಅಧ್ಯಕ್ಷ ಭಾಷಣದಲ್ಲಿ ಡಾಕ್ಟರ್ ಲೋಹಿಯಾ, ಬಡ ದೇಶಗಳ ಪಾಲಿಗೆ ಬಂಡವಾಳಶಾಹಿಯೂ ಕಮ್ಯೂನಿಸಮ್ಮೂ ಸಮಾನವಾಗಿ ಅಪ್ರಸ್ತುತವೆಂದು ವಾದಿಸಿದರು. ದೊಡ್ಡ ಯಂತ್ರ, ದೊಡ್ಡ ಬಂಡವಾಳ, ರಾಜಧಾನಿಯಲ್ಲಿ ಕೂತ ಅಧಿಕಾರ — ಇವು ಎರಡಕ್ಕೂ ಸಾಮಾನ್ಯ. ಒಡೆಯನ ಹೆಸರು ಮಾತ್ರ ಬೇರೆ. ಅದಕ್ಕೇ ಅವರು ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ರಾಜ್ಯ ನಿಲ್ಲಬೇಕೆಂದರು. 1956ರಲ್ಲಿ ಹಂಗೆರಿಯ ಮೇಲೆ ಟ್ಯಾಂಕು ಹರಿದಾಗ ದಿಲ್ಲಿಯ ಸರ್ಕಾರ ಮೀನಮೇಷ ಎಣಿಸುತ್ತಿತ್ತು. ಜಯಪ್ರಕಾಶರು ಬಹಿರಂಗವಾಗಿ ಖಂಡಿಸಿದರು.

1953ರ ಜನವರಿಯಲ್ಲಿ ರಂಗೂನಿನಲ್ಲಿ ಏಷ್ಯಾದ ಸಮಾಜವಾದಿಗಳ ಸಮ್ಮೇಳನ ಸೇರಿದಾಗ ಯುಗೊಸ್ಲಾವಿಯದಿಂದ ಮಿಲೊವಾನ್ ಜಿಲಾಸ್ ಬಂದಿದ್ದರು. ಅವರು ಆಗ ಆ ದೇಶದ ಆಳುವ ಪಕ್ಷದ ಅಗ್ರನಾಯಕರಲ್ಲೊಬ್ಬರು. ಮರು ವರ್ಷವೇ ಪಕ್ಷದ ಸ್ಥಾನಗಳಿಂದ ಅವರನ್ನು ಕಿತ್ತುಹಾಕಿದರು. 1956ರಲ್ಲಿ ಸೆರೆಗೆ ಹಾಕಿದರು. 1957ರಲ್ಲಿ ಹೊರಬಂದ ಅವರ ‘ಹೊಸ ವರ್ಗ’ ಎಂಬ ಪುಸ್ತಕದ ಸಾರವೇನು? ಆಸ್ತಿ ಸರ್ಕಾರದ್ದಾಯಿತು, ಸರ್ಕಾರ ಪಕ್ಷದ್ದಾಯಿತು, ಪಕ್ಷ ಅಧಿಕಾರಿಗಳದ್ದಾಯಿತು. ಹಾಗೆ ಒಂದು ಹೊಸ ಒಡೆಯರ ವರ್ಗ ಹುಟ್ಟಿತು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಬೀಗದ ಕೈ ಯಾರ ಜೇಬಿನಲ್ಲಿದೆಯೋ ಬೀರು ಅವನದೇ.

ಬೀರು ತೆರೆದ ಮಧ್ಯಾಹ್ನ

1989ರಲ್ಲಿ ಗೋಡೆ ಬಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಜನ ಬೀದಿಗೆ ಬಂದು ಗಳಿಸಿಕೊಂಡ ಸ್ವಾತಂತ್ರ್ಯ ದೊಡ್ಡದು. ಅದನ್ನು ಅಲ್ಲಗಳೆಯುವವನು ಸಮಾಜವಾದಿಯೇ ಅಲ್ಲ. ಆದರೆ ಆಮೇಲೆ ಆಸ್ತಿಯ ಗತಿ ಏನಾಯಿತು?

ರಷ್ಯಾದಲ್ಲಿ 1992ರ ಅಕ್ಟೋಬರಿನಿಂದ ಪ್ರತಿಯೊಬ್ಬ ಪ್ರಜೆಗೂ ಒಂದು ಚೀಟಿ ಕೊಟ್ಟರು. ಮುಖಬೆಲೆ 10,000 ರೂಬಲ್. ಇದು ದೇಶದ ಕಾರ್ಖಾನೆಗಳಲ್ಲಿ ನಿನ್ನ ಪಾಲು ಎಂದರು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಅದೇ ವರ್ಷ ಬೆಲೆಗಳು ಇಪ್ಪತ್ತು ಪಟ್ಟಿಗೂ ಮೇಲೆ ಏರಿದ್ದವು. ಮುದುಕಿಯ ಜೀವಮಾನದ ಉಳಿತಾಯ ಒಂದು ತಿಂಗಳ ದಿನಸಿಗೂ ಸಾಲದಾಯಿತು. ಹಸಿದವನು ಚೀಟಿಯನ್ನು ಇಟ್ಟುಕೊಂಡು ಏನು ಮಾಡಿಯಾನು? ಎರಡು ಬಾಟಲಿ ವೋಡ್ಕಾದ ಬೆಲೆಗೆ ಮಾರಿದವರುಂಟು. ಚೀಟಿಗಳೆಲ್ಲ ಕಾರ್ಖಾನೆಯ ಹಳೆಯ ನಿರ್ದೇಶಕರ ಕೈಗೂ ಹೊಸ ಬ್ಯಾಂಕುಗಳ ಕೈಗೂ ಸೇರಿದವು. 1995ರಲ್ಲಿ ಸರ್ಕಾರ ಸಾಲಕ್ಕೆ ಅಡವಿಟ್ಟ ನೆಪದಲ್ಲಿ ನಿಕಲ್ ಗಣಿ, ಎಣ್ಣೆ ಕಂಪನಿಗಳಂಥ ದೊಡ್ಡ ದೊಡ್ಡವೂ ಬೆರಳೆಣಿಕೆಯ ಮಂದಿಗೆ ಹೋದವು. ಸಾಮೂಹಿಕ ಬೇಸಾಯದ ರೈತನಿಗೆ ಭೂಮಿಯ ಪಾಲಿನ ಕಾಗದ ಸಿಕ್ಕಿತು. ತನ್ನ ಪಾಲಿನ ಹೊಲ ಎಲ್ಲಿದೆ ಎಂದು ಎಷ್ಟೋ ಮಂದಿಗೆ ಯಾರೂ ತೋರಿಸಲಿಲ್ಲ. 1990ರಲ್ಲಿ ರಷ್ಯಾದ ಗಂಡಸಿನ ಸರಾಸರಿ ಆಯುಸ್ಸು ಸುಮಾರು 64 ವರ್ಷವಿದ್ದದ್ದು 1994ಕ್ಕೆ 58ಕ್ಕಿಂತ ಕೆಳಗಿಳಿಯಿತು. ಯುದ್ಧವಿಲ್ಲದ ಕಾಲದಲ್ಲಿ ನಾಲ್ಕು ವರ್ಷದಲ್ಲಿ ಆರು ವರ್ಷ ಆಯುಸ್ಸು ಕಳೆದುಕೊಂಡದ್ದು ಸಾಮಾನ್ಯ ಸಂಗತಿಯೇ?

ಪೂರ್ವ ಜರ್ಮನಿಯಲ್ಲಿ ಟ್ರಾಯ್‌ಹಾಂಡ್ ಎಂಬ ಸಂಸ್ಥೆಗೆ 8 ಸಾವಿರಕ್ಕೂ ಹೆಚ್ಚು ಉದ್ಯಮಗಳನ್ನೂ ಸುಮಾರು 40 ಲಕ್ಷ ಕೆಲಸಗಾರರನ್ನೂ ಒಪ್ಪಿಸಿದರು. 1994ರ ಕೊನೆಗೆ ಅದು ಬಾಗಿಲು ಮುಚ್ಚುವ ಹೊತ್ತಿಗೆ ಆ ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯವಾಗಿದ್ದವು. ಜನರ ಆಸ್ತಿಯಲ್ಲಿ ಜನರಿಗೆ ಪಾಲುಪತ್ರ ಕೊಡಿ ಎಂದು 1990ರ ಆರಂಭದಲ್ಲಿ ಅಲ್ಲಿನ ಚಳುವಳಿಗಾರರು ಮಂಡಿಸಿದ್ದ ಸಲಹೆ ಮೂಲೆಗೆ ಬಿತ್ತು.

ಪೋಲೆಂಡಿನ ಗ್ದಾನ್ಸ್ಕ್ ಕಾರ್ಖಾನೆ ಏನಾಯಿತು? ಪ್ರಭುತ್ವವನ್ನೇ ನಡುಗಿಸಿದ ಆ ಹಡಗು ಕಾರ್ಖಾನೆ 1996ರಲ್ಲಿ ದಿವಾಳಿಯೆಂದು ಘೋಷಿತವಾಯಿತು. ತಾವು ಕಟ್ಟಿದ ಸಂಘದವರೇ ಸರ್ಕಾರ ನಡೆಸುವಾಗ, 1990ರ ಜನವರಿ 1ರಿಂದ ಒಂದೇ ಏಟಿಗೆ ಮಾರುಕಟ್ಟೆಯ ನೀತಿ ಜಾರಿಯಾಯಿತು. ಸ್ವಯಮಾಡಳಿತ ಎಂಬ ಮಾತು ಹಿಂದೆ ಸರಿಯಿತು. ಪೋಲೆಂಡ್ ಒಟ್ಟಾರೆ ಬೆಳೆದಿದೆ, ಅಂಗಡಿ ತುಂಬಿವೆ, ರಷ್ಯಾದ ದುರ್ಗತಿ ಅದಕ್ಕೆ ಬರಲಿಲ್ಲ, ಇದನ್ನೂ ಒಪ್ಪಬೇಕು. ಆದರೆ ಆ ಬೆಳವಣಿಗೆಯ ನಡುವೆಯೇ, ಹೊಸ ಶತಮಾನದ ಪ್ರಾರಂಭದಲ್ಲಿ, ಕೆಲಸ ಹುಡುಕುವವರಲ್ಲಿ ಐವರಲ್ಲೊಬ್ಬರಿಗೆ ಕೆಲಸವಿರಲಿಲ್ಲ. 2004ರಲ್ಲಿ ಯೂರೋಪಿನ ಒಕ್ಕೂಟದ ಬಾಗಿಲು ತೆರೆದಾಗ ಲಕ್ಷಾಂತರ ಯುವಕರು ಊರು ಬಿಟ್ಟು ಹೊರದೇಶಕ್ಕೆ ಕೂಲಿಗೆ ಹೋದರು.

ಹೀಗೆ ಕೈಯಲ್ಲಿದ್ದದ್ದು ಜಾರಿಹೋದಾಗ ಜನರ ಸಿಟ್ಟು ಎಲ್ಲಿಗೆ ಹರಿಯಿತು? 1989ರ ಜೂನ್ 16ರಂದು ಇಮ್ರೆ ನಾಗಿಯ ಅಸ್ಥಿಗೆ ಬುಡಾಪೆಸ್ಟಿನಲ್ಲಿ ಗೌರವದ ಸಂಸ್ಕಾರ ನಡೆದಾಗ ಸೋವಿಯತ್ ಸೈನ್ಯ ಹೊರಗೆ ಹೋಗಲಿ ಎಂದು ಧೈರ್ಯವಾಗಿ ಭಾಷಣ ಮಾಡಿದ ತರುಣ ವಿಕ್ಟರ್ ಓರ್ಬಾನ್. ಅದೇ ಓರ್ಬಾನ್ 2010ರಿಂದ ಸಾಲಾಗಿ ನಾಲ್ಕು ಚುನಾವಣೆ ಗೆದ್ದು, ಪತ್ರಿಕೆಗಳನ್ನೂ ನ್ಯಾಯಾಲಯಗಳನ್ನೂ ಹಿಡಿತಕ್ಕೆ ತಂದುಕೊಂಡರು. ನಿಮ್ಮ ಕಷ್ಟಕ್ಕೆ ಕಾರಣ ವಲಸೆ ಬಂದವನು, ಪರಕೀಯನು ಎಂದು ಹೇಳಿ ಮತ ಪಡೆದರು. ಅನ್ನ ಕಿತ್ತುಕೊಂಡವನ ಹೆಸರು ಹೇಳಲಾಗದ ಕಡೆ ನೆರೆಯವನನ್ನು ತೋರಿಸಿ ಜನರನ್ನು ಎತ್ತಿಕಟ್ಟುವುದು ಸುಲಭ. ಈ ಆಟ ನಮಗೇನು ಹೊಸದಲ್ಲ.

ಮಾಗಡಿ ರಸ್ತೆಯ ಮಿಲ್ಲು

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಈ ಬಡಾವಣೆಯಿಂದ ಅತ್ತಿಗುಪ್ಪೆಗೆ ಹೋಗಿ ಮೆಟ್ರೋ ಹತ್ತಿದರೆ ಸ್ವಲ್ಪ ಹೊತ್ತಿಗೆ ಮಾಗಡಿ ರಸ್ತೆಯ ನಿಲ್ದಾಣ. ಅದರ ಆಸುಪಾಸಿನಲ್ಲೇ ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು. ಅದೇ ರೈಲಿನಲ್ಲಿ ಬೈಯಪ್ಪನಹಳ್ಳಿಗೆ ಹೋದರೆ ಎನ್‌ಜಿಇಎಫ್. ಒಂದು ಟಿಕೆಟ್ಟಿನಲ್ಲಿ ಮೂರು ಮುಚ್ಚಿದ ಕಾರ್ಖಾನೆ. ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಮಾಲು, ಮಹಡಿ ಮನೆಗಳು. ಮಿನರ್ವ ಮಿಲ್ಲಿನ ಆವರಣ ಸಿನಿಮಾದವರು ಸೆಟ್ ಹಾಕುವ ಜಾಗ. ಎನ್‌ಜಿಇಎಫ್ ಬಾಗಿಲು ಮುಚ್ಚಿದ್ದು 2002ರಲ್ಲಿ.

ಮಿನರ್ವ ಮಿಲ್ಲಿನ ಹೆಸರು ಕಾನೂನು ಓದಿದವರಿಗೆಲ್ಲ ಗೊತ್ತು. ಅಲ್ಲಿ ನೂಲು ತೆಗೆದವರ ಹೆಸರು ಯಾರಿಗೂ ಗೊತ್ತಿಲ್ಲ. ಖಾಸಗಿ ಮಾಲೀಕರು ಸರಿಯಾಗಿ ನಡೆಸುತ್ತಿಲ್ಲವೆಂದು ಕೇಂದ್ರ ಸರ್ಕಾರ 1971ರಲ್ಲಿ ಅದರ ಆಡಳಿತ ವಹಿಸಿಕೊಂಡಿತು. 1974ರ ಕಾನೂನಿನಿಂದ ರಾಷ್ಟ್ರೀಕರಣವಾಯಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ತುರ್ತು ಪರಿಸ್ಥಿತಿಯಲ್ಲಿ ಸಂವಿಧಾನಕ್ಕೆ ಮಾಡಿದ 42ನೇ ತಿದ್ದುಪಡಿ, ಸಂವಿಧಾನವನ್ನು ಬೇಕಾದ ಹಾಗೆ ಬದಲಾಯಿಸಲು ಪಾರ್ಲಿಮೆಂಟಿಗೆ ಮಿತಿಯಿಲ್ಲದ ಅಧಿಕಾರ ಕೊಟ್ಟಿತ್ತು. ನಿರ್ದೇಶಕ ತತ್ವಗಳ ಹೆಸರಿನಲ್ಲಿ ಮಾಡಿದ ಯಾವ ಕಾನೂನನ್ನೂ ಸಮಾನತೆ, ವಾಕ್ ಸ್ವಾತಂತ್ರ್ಯ ಮೊದಲಾದ ಹಕ್ಕುಗಳ ಆಧಾರದ ಮೇಲೆ ಪ್ರಶ್ನಿಸಬಾರದೆಂದಿತ್ತು. 1980ರ ಮೇ ತಿಂಗಳಲ್ಲಿ ನ್ಯಾಯಾಲಯ ಇವೆರಡನ್ನೂ ಹೊಡೆದುಹಾಕಿತು. ಜುಲೈ 31ರಂದು ಕಾರಣಗಳನ್ನು ವಿವರಿಸಿತು. ಬಡತನ ನೀಗಿಸುವ ಗುರಿಯೂ ಇರಬೇಕು, ಪ್ರಜೆಯ ಸ್ವಾತಂತ್ರ್ಯವೂ ಇರಬೇಕು. ಒಂದನ್ನು ಕೊಂದು ಇನ್ನೊಂದನ್ನು ಬದುಕಿಸಲಾಗದು ಎಂಬುದೇ ಅದರ ತಿರುಳು. ಮಿಲ್ಲಿನ ರಾಷ್ಟ್ರೀಕರಣವನ್ನು 1986ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ಸಂಗಾತಿಗಳೇ, ತಾರೀಕುಗಳನ್ನು ನೋಡಿ. ಮಾಗಡಿ ರಸ್ತೆಯ ಮಿಲ್ಲಿನ ಹೆಸರಿನಲ್ಲಿ ಅನ್ನಕ್ಕೂ ಸ್ವಾತಂತ್ರ್ಯಕ್ಕೂ ಇರುವ ಸಂಬಂಧದ ತೀರ್ಪು ವಿವರವಾಗಿ ಬಂದ ಎರಡೇ ವಾರಕ್ಕೆ ಗ್ದಾನ್ಸ್ಕಿನಲ್ಲಿ ಕೆಲಸಗಾರರು ಅದೇ ಪ್ರಶ್ನೆ ಹಿಡಿದು ಎದ್ದರು. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್ ಮೊದಲಾದ ಸರ್ಕಾರಿ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿ 77 ದಿನ ನಿಂತರು. ಯಾರ ವಿರುದ್ಧ? ‘ಜನರ’ ಸರ್ಕಾರದ ವಿರುದ್ಧ. ಜನರದೇ ಕಾರ್ಖಾನೆಯಾಗಿದ್ದರೆ ಜನ ಯಾಕೆ ಗೇಟಿನ ಹೊರಗೆ ನಿಲ್ಲಬೇಕಿತ್ತು?

ಇನ್ನೊಂದು ಮಾತು. ನಮ್ಮ ಸಂವಿಧಾನದ ಪೀಠಿಕೆಯಲ್ಲಿ ‘ಸಮಾಜವಾದಿ’ ಎಂಬ ಪದ ಸೇರಿದ್ದು ಅದೇ 42ನೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1977ರ ಜನವರಿ 3ರಂದು. ಆ ದಿನ ಜಾರ್ಜ್ ಫರ್ನಾಂಡಿಸ್ ಸೆರೆಯಲ್ಲಿದ್ದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ, ಲೋಹಿಯಾ ವಿಚಾರದ ಸಂಗಾತಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಉಬ್ಬಸದಿಂದ ನರಳುತ್ತಿದ್ದರು. ವಿಚಾರಣೆಯಿಲ್ಲದೆ ಎಂಟು ತಿಂಗಳು ಅವರನ್ನು ಕೂಡಿಹಾಕಿದ್ದರು. ಜನವರಿ 15ಕ್ಕೆ ಪೆರೋಲಿನ ಮೇಲೆ ಬಿಟ್ಟರು. ಜನವರಿ 20ಕ್ಕೆ ತೀರಿಕೊಂಡರು. ಸಂವಿಧಾನಕ್ಕೆ ಸಮಾಜವಾದವೆಂಬ ಪದವನ್ನು ಬರೆದವರು ಸಮಾಜವಾದಿಗಳಿಗೆ ಬೀಗ ಹಾಕಿದ್ದರು. ಆ ಸೆರೆಮನೆಯ ಜಾಗಕ್ಕೆ ಈಗ ಫ್ರೀಡಂ ಪಾರ್ಕ್ ಎಂದು ಹೆಸರು; ನಾವು ಧರಣಿ ಕೂರುವುದು ಅಲ್ಲೇ. ಪದ ಬೇರೆ, ಬೀಗದ ಕೈ ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಎರಡು ಉತ್ತರ

ಹಿರಿಯರಿಗೆ ನಾನು ಹೇಳುವುದು ಇಷ್ಟು: ಯಜಮಾನರೇ, ನೀವು ಕಂಡ ಸಂಬಳ, ಇಎಸ್‌ಐ ಯಾರೂ ದಾನ ಕೊಟ್ಟದ್ದಲ್ಲ, ಕೆಲಸಗಾರರು ಹೋರಾಡಿ ಪಡೆದದ್ದು. ನಿಮ್ಮ ಮೊಮ್ಮಗನಿಗೂ ಅದು ಸಿಗಲೇಬೇಕು. ಆದರೆ ಮಿಲ್ಲು ಮುಚ್ಚಬೇಕೆಂದು ತೀರ್ಮಾನಿಸಿದ ದಿನ ನಿಮ್ಮನ್ನು ಯಾರಾದರೂ ಕೇಳಿದರೇ? ಎಚ್‌ಎಂಟಿ ಗಡಿಯಾರದ ಕಂಪನಿಯನ್ನು 2016ರಲ್ಲಿ ಮುಚ್ಚುವ ತೀರ್ಮಾನ ಮಾಡಿದ್ದು ದಿಲ್ಲಿಯ ಮಂತ್ರಿಮಂಡಲ. ಸರ್ಕಾರ ಒಂದು ಸಹಿಯಿಂದ ತೆಗೆದುಕೊಂಡದ್ದನ್ನು ಇನ್ನೊಂದು ಸಹಿಯಿಂದ ಮುಚ್ಚಬಹುದು, ಮಾರಬಹುದು. ಹಳೆಯ ಬೀರನ್ನು ಹಳೆಯ ಬೀಗದೊಡನೆ ವಾಪಸು ತಂದರೆ ಮತ್ತೊಂದು ಮಧ್ಯಾಹ್ನ ಅದೇ ಸೂರೆ.

ಹುಡುಗನಿಗೆ ನಾನು ಹೇಳುವುದು ಇಷ್ಟು: ತಮ್ಮಾ, ರಷ್ಯಾದವರು ಕೈಬಿಟ್ಟದ್ದು ಬೀಗ ಹಾಕಿದ ಬೀರನ್ನು. ನೀನು ಈಗ ಯಾವ ಸ್ಥಿತಿಯಲ್ಲಿದ್ದೀಯೆ? ನಿನ್ನ ಕಂಪನಿ ನಿನ್ನನ್ನು ಕೆಲಸಗಾರ ಎನ್ನುವುದಿಲ್ಲ, ಪಾಲುದಾರ ಎನ್ನುತ್ತದೆ. ಪಾಲುದಾರನಾದ ನಿನಗೆ ಒಂದು ಪೊಟ್ಟಣಕ್ಕೆ ಎಷ್ಟು ಕೂಲಿ ಎಂದು ಗೊತ್ತುಮಾಡುವ ಅಧಿಕಾರವಿದೆಯೇ? ನಿನ್ನ ಐಡಿ ನಿಂತುಹೋದರೆ ಯಾರನ್ನು ಕೇಳಬೇಕೆಂದಾದರೂ ಗೊತ್ತೇ? ಪೂರ್ವ ಜರ್ಮನಿಯ ಗೇಟಿನ ಮೇಲೆ ‘ಜನರ ಒಡೆತನ’ ಎಂದು ಬರೆದಿತ್ತು. ನಿನ್ನ ಫೋನಿನ ಮೇಲೆ ‘ಪಾಲುದಾರ’ ಎಂದು ಬರೆದಿದೆ. ಎರಡು ಕಡೆಯೂ ಬೋರ್ಡು ಮಾತ್ರ ನಿನ್ನದು.

ಕೈಗೆ ಬಂದ ಕೀಲಿ, ಕೈ ಜಾರಿದ ಕೀಲಿ

ಹಾಗಾದರೆ ಬೀಗದ ಕೈ ಜನರ ಕೈಗೆ ಬಂದದ್ದು ಎಲ್ಲಿಯೂ ಇಲ್ಲವೇ? ಇದೆ, ದೂರ ಹೋಗಬೇಕಾಗಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಜಗಳ ಸತ್ಯಾಗ್ರಹವಾಯಿತು. ಗಣಪತಿಯಪ್ಪನವರು ರೈತರನ್ನು ಕಟ್ಟಿದರು. ಗೋಪಾಲಗೌಡರು ಮುಂದೆ ನಿಂತರು. ಜೂನಿನಲ್ಲಿ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮಾರನೆಯ ವರ್ಷ ಗೋಪಾಲಗೌಡರು ವಿಧಾನಸಭೆಗೆ ಆಯ್ಕೆಯಾಗಿ ಆ ಪ್ರಶ್ನೆಯನ್ನು ಅಲ್ಲಿಗೂ ಒಯ್ದರು. 1972ರಲ್ಲಿ ಅವರು ತೀರಿಕೊಂಡರು. 1974ರಲ್ಲಿ ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣೆಯ ಕಾನೂನನ್ನು ಅವರು ನೋಡಲಿಲ್ಲ. ಆದರೆ ಆ ಕಾನೂನು ಮುಗಿಲಿನಿಂದ ಇಳಿಯಲಿಲ್ಲ. ಗೇಣಿದಾರ ತಾನೇ ಫಾರಂ 7 ತುಂಬಿ, ಟ್ರಿಬ್ಯೂನಲ್ಲಿನ ಎದುರು ಇದು ನಾನು ಉತ್ತ ಹೊಲ ಎಂದು ನಿಂತು ಹೇಳಿ ಪಡೆದ. ರಷ್ಯಾದ ರೈತನ ಕಾಗದಕ್ಕೂ ಸಾಗರದ ರೈತನ ಫಾರಮ್ಮಿಗೂ ಇರುವ ಅಂತರ ಇದೇ. ಒಬ್ಬನಿಗೆ ಪಾಲು ಕೊಟ್ಟರು. ಇನ್ನೊಬ್ಬ ಹೋರಾಡಿ ತನ್ನ ಹೊಲವನ್ನು ತೋರಿಸಿದ. ಕೊರತೆಯೂ ಇತ್ತು. ಗೇಣಿಯೂ ಇಲ್ಲದ ಕೂಲಿಯಾಳಿಗೆ, ಅದರಲ್ಲೂ ದಲಿತನಿಗೆ, ಬಹುಮಟ್ಟಿಗೆ ಏನೂ ಸಿಗಲಿಲ್ಲ. ಸಿಕ್ಕದ್ದನ್ನೂ ಕಾಯದಿದ್ದರೆ ಜಾರುತ್ತದೆ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು 2020ರಲ್ಲಿ ಕಾನೂನನ್ನೇ ಸಡಿಲಿಸಿದರು.

ಇನ್ನೊಂದು ಉದಾಹರಣೆ. ನಜೀರ್ ಸಾಬರು ಪಂಚಾಯತಿ ಮಂತ್ರಿಯಾಗಿದ್ದಾಗ ರೂಪಿಸಿದ 1983ರ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು. ನಾಲ್ಕು ಸ್ಥಾನಗಳಲ್ಲಿ ಒಂದು ಹೆಂಗಸರಿಗೆ ಮೀಸಲಾಯಿತು. ನಾಲ್ಕು ಕಂಬದಲ್ಲಿ ಎರಡಾದರೂ ನೆಲಕ್ಕೆ ಊರಿದವು.

ಈಗ ನಮ್ಮ ನಗರವನ್ನು ನೋಡಿ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಒಬ್ಬ ಚುನಾಯಿತ ಸದಸ್ಯನೂ ಇಲ್ಲದೆ ಅಧಿಕಾರಿಗಳೇ ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಒಂದು ಕೋಟಿಗೂ ಹೆಚ್ಚು ಜನರ ನಗರದಲ್ಲಿ ಐದು ವರ್ಷ ಜನರ ಕೈಯಲ್ಲಿ ಬೀಗದ ಕೈ ಇರಲಿಲ್ಲ. ನಾವು ಅದಕ್ಕೆ ಎಷ್ಟು ದಿನ ಬೀದಿಗಿಳಿದೆವು? ಪೋಲೆಂಡಿನವರ ತಪ್ಪನ್ನು ಎಣಿಸುವ ಮೊದಲು ಇದನ್ನು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಮಾಡಬೇಕಾದದ್ದು

ಮೂರು ಕೆಲಸ ಹೇಳಿ ಮುಗಿಸುತ್ತೇನೆ. ಒಂದು, ನಿಮ್ಮ ವಾರ್ಡಿನಲ್ಲಿರುವ ಸಾರ್ವಜನಿಕ ಆಸ್ತಿಯ ಪಟ್ಟಿ ಮಾಡಿ — ಶಾಲೆ, ಆಸ್ಪತ್ರೆ, ಮೈದಾನ, ಮುಚ್ಚಿದ ಕಾರ್ಖಾನೆಯ ನೆಲ. ಅದು ಯಾವ ಇಲಾಖೆಯ ವಶದಲ್ಲಿದೆ, ಗುತ್ತಿಗೆ ಯಾರಿಗೆ, ಎಷ್ಟಕ್ಕೆ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಏನಿದೆ ಎಂದು ತಿಳಿಯದವನು ಕಳೆದುಕೊಂಡದ್ದನ್ನೂ ತಿಳಿಯುವುದಿಲ್ಲ. ಎರಡು, ಮನೆಗೆಲಸದ ಹೆಂಗಸರು, ಗಾರ್ಮೆಂಟ್ಸಿನವರು, ಪೊಟ್ಟಣ ಮುಟ್ಟಿಸುವ ಹುಡುಗರು, ಇವರ ಸಂಘ ಕಟ್ಟಿ. ಬರಿಯ ರಾಷ್ಟ್ರೀಕರಣ ಬೇಕೆನ್ನುವ ಬೇಡಿಕೆ ಸಾಲದು. ಆಡಳಿತದಲ್ಲಿ ಕೆಲಸಗಾರರಿಗೆ ಮತ ಬೇಕು, ಲೆಕ್ಕ ನೋಡುವ ಹಕ್ಕು ಬೇಕು ಎಂದು ಕೇಳಿ. ಮೂರು, ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಪಕ್ಷದ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ? ಚಂದಾ ಲೆಕ್ಕವನ್ನು ಪ್ರತಿ ತಿಂಗಳು ಸದಸ್ಯರೆದುರು ಓದುತ್ತೇವೆಯೇ? ಸಮಿತಿಯಲ್ಲಿ ಹೆಂಗಸರೆಷ್ಟು, ದಲಿತರೆಷ್ಟು? ಪ್ರಶ್ನೆ ಕೇಳಿದವನನ್ನು ದ್ರೋಹಿ ಎನ್ನುವ ಚಾಳಿ ನಮ್ಮಲ್ಲೂ ಇಲ್ಲವೇ? ಹೊಸ ವರ್ಗ ಹುಟ್ಟುವುದಕ್ಕೆ ಮಾಸ್ಕೋ ನಗರವೇ ಆಗಬೇಕಾಗಿಲ್ಲ. ಬಾಡಿಗೆಯ ಒಂದು ಪಕ್ಷದ ಕಚೇರಿ ಸಾಕು.

ಶಾಲೆಯ ಕಥೆ ಅರ್ಧಕ್ಕೆ ನಿಲ್ಲಿಸಿದ್ದೆ. ಬೀರು ಖಾಲಿಯಾದ ಮೇಲೆ ಮಕ್ಕಳೂ ನಾನೂ ಸೇರಿ ಮನೆಮನೆಯಿಂದ ಹಳೆಯ ಪುಸ್ತಕ ಬೇಡಿ ತಂದೆವು. ಬೀಗದ ಕೈಯನ್ನು ವಾರಕ್ಕೆ ಇಬ್ಬರಂತೆ ಸರದಿಯಲ್ಲಿ ಮಕ್ಕಳ ಕೈಗೇ ಕೊಟ್ಟೆವು. ಒಂದು ನೋಟುಬುಕ್ಕಿನಲ್ಲಿ ಯಾರು ಯಾವ ಪುಸ್ತಕ ಒಯ್ದರು ಎಂದು ಅವರೇ ಬರೆದರು. ಕೆಲವು ಪುಸ್ತಕ ಕಳೆದವು, ಜಗಳವೂ ಆಯಿತು. ಜಗಳವನ್ನು ಅವರೇ ಕೂತು ತೀರಿಸಿಕೊಂಡರು. ವರ್ಷದ ಕೊನೆಗೆ ಬೀರಿನಲ್ಲಿ ಮೊದಲಿದ್ದುದಕ್ಕಿಂತ ಹೆಚ್ಚು ಪುಸ್ತಕವಿತ್ತು. ಬರಿಗೈಯಲ್ಲಿ ನಿಂತಿದ್ದ ಆ ಹುಡುಗಿಯ ಸರದಿ ಬಂದಾಗ, ಬೀಗದ ಕೈಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಬರುತ್ತಿದ್ದಳು.

ಪ್ರಶ್ನೆಗಳಿದ್ದರೆ ಕೇಳಿ. ಆ ಹಿರಿಯರೂ ಆ ಹುಡುಗನೂ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಮೊದಲು ಅವರೇ ಮಾತಾಡಲಿ.